ದಾವಣಗೆರೆ–ದುರ್ಗ ಬಸ್ಸಿನಲ್ಲಿ ಪಾಸಾಗುವ ಗೇಮ್ ಯಾವುದು? ಕೈಲಿ ಹಿಡಿಯುವ ವಿಡಿಯೋ ಗೇಮ್‌ಗಳ ಸಾರ್ವಕಾಲಿಕ ಪಟ್ಟಿ ಮಾಡುವ ಬಗೆ

ಹ್ಯಾಂಡ್‌ಹೆಲ್ಡ್ ಗೇಮ್‌ಗಳಲ್ಲಿ ಶ್ರೇಷ್ಠ ಯಾವುದು ಅಂದರೆ ಸಾಮಾನ್ಯವಾಗಿ ಗ್ರಾಫಿಕ್ಸ್, ಕಥೆ, ಮಾರಾಟದ ಲೆಕ್ಕ ಮುಂದೆ ಬರುತ್ತದೆ. ಟಿವಿ ಎದುರು ಕೂತು ಆಡುವ ಗೇಮಿಗೆ ಆ ಅಳತೆ ಒಪ್ಪುತ್ತದೆ. ಹ್ಯಾಂಡ್‌ಹೆಲ್ಡ್ ಬದುಕುವ ಜಾಗವೇ ಬೇರೆ. ಕಿಟಕಿ ಪಕ್ಕದ ಸೀಟು, ಕರೆಂಟ್ ಹೋದ ಸಂಜೆ, ಬೆಣ್ಣೆ ದೋಸೆ ಹೋಟೆಲಿನಲ್ಲಿ ಟೇಬಲ್ ಖಾಲಿಯಾಗಲಿ ಎಂದು ನಿಲ್ಲುವ ಹತ್ತು ನಿಮಿಷ. ಅಲ್ಲಿ ಆಡಲು ಬಾರದ ಗೇಮು ಎಷ್ಟೇ ಚೆಂದವಿದ್ದರೂ ಅದು ಚಿಕ್ಕ ಪರದೆಗೆ ತುರುಕಿದ ಟಿವಿ ಗೇಮು ಅಷ್ಟೆ.

ಪರೀಕ್ಷೆಗೆ ದಾವಣಗೆರೆಯಿಂದ ಚಿತ್ರದುರ್ಗದ ಬಸ್ಸು ಹೇಳಿ ಮಾಡಿಸಿದಂತಿದೆ. 60 ಕಿಲೋಮೀಟರ್ ಆಸುಪಾಸು, ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಹೆದ್ದಾರಿಯಲ್ಲಿ ಕುಲುಕಾಟ ಕಡಿಮೆ, ಆನಗೋಡು, ಭರಮಸಾಗರಗಳಲ್ಲಿ ಹತ್ತುವವರು ಇಳಿಯುವವರ ಗದ್ದಲ, ನಡುವೆ ಕಂಡಕ್ಟರ್ ಟಿಕೆಟ್ ಕೇಳುತ್ತಾನೆ, ಅರ್ಧ ದಾರಿ ಬಿಸಿಲು ನೇರ ಪರದೆಯ ಮೇಲೆ. ಹಿಂದಿನ ಸೀಟು ಬೇಡ, ಪರದೆ ಅದುರಿ ತಲೆ ಸುತ್ತುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ.

ಮೊದಲ ಹೆಜ್ಜೆ: ಯಾವ ಮಷಿನ್

ಗೇಮನ್ನು ಅದು ಹುಟ್ಟಿದ ಮಷಿನ್ನಿನಲ್ಲೇ ಆಡಿ ನೋಡುವುದು ಮೇಲು. ಮೂರು ಮಷಿನ್ ಇದ್ದರೆ ಪಟ್ಟಿಯ ಬಹುಪಾಲು ಮುಗಿಯುತ್ತದೆ.

ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, 2003ರದ್ದು. 1989ರ ಗೇಮ್ ಬಾಯ್, 1998ರ ಗೇಮ್ ಬಾಯ್ ಕಲರ್, 2001ರ ಅಡ್ವಾನ್ಸ್ ಹೀಗೆ ಮೂರು ತಲೆಮಾರಿನ ಕ್ಯಾಸೆಟ್ಟೂ ಇದರಲ್ಲಿ ಓಡುತ್ತವೆ. ಕೊರತೆ ಒಂದೇ, ಇಯರ್‌ಫೋನ್ ಪಿನ್ ಹಾಕುವ ತೂತಿಲ್ಲ, ಅಡಾಪ್ಟರ್ ಬೇರೆ ತೆಗೆದುಕೊಳ್ಳಬೇಕು.

ಎರಡನೆಯದು ನಿಂಟೆಂಡೊ ಡಿಎಸ್ ಲೈಟ್, 2006ರದ್ದು. ಡಿಎಸ್ ಗೇಮ್‌ಗಳ ಜೊತೆಗೆ ಅಡ್ವಾನ್ಸ್ ಕ್ಯಾಸೆಟ್ಟನ್ನೂ ನುಂಗುತ್ತದೆ, ಹಳೆಯ ಗೇಮ್ ಬಾಯ್ ಮತ್ತು ಕಲರ್ ಕ್ಯಾಸೆಟ್ಟನ್ನು ಮಾತ್ರ ಇಲ್ಲ. ಅಡ್ವಾನ್ಸ್ ಗೇಮನ್ನು ಕೇಬಲ್ ಹಾಕಿ ಇಬ್ಬರು ಆಡುವುದು ಇದರಲ್ಲಿ ಆಗದು.

ಮೂರನೆಯದು ಸೋನಿಯ ಪಿಎಸ್‌ಪಿ. 3000ರ ಮಾದರಿ ಸಿಕ್ಕರೆ ಒಳ್ಳೆಯದು, ಬಿಸಿಲಲ್ಲಿ ಮೊದಲ ಮಾದರಿಗಿಂತ ಸ್ವಲ್ಪ ಕಾಣುತ್ತದೆ. ಇ-1000 ಎಂಬ ಅಗ್ಗದ ಮಾದರಿಯಲ್ಲಿ ವೈಫೈ ಇಲ್ಲ, ಅದನ್ನು ಕೊಂಡವರಿಗೆ ಜೊತೆಯಾಟದ ಭಾಗ್ಯವಿಲ್ಲ. ಪಿಎಸ್‌ಪಿ ಗೋ ಎಂಬ ಮಾದರಿಯಲ್ಲಿ ಗೇಮ್ ತುಂಬಿದ ಯುಎಂಡಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಈ ಮಷಿನ್‌ಗಳೆಲ್ಲ ಈಗ ಸೆಕೆಂಡ್ ಹ್ಯಾಂಡಿನಲ್ಲೇ ಸಿಗುವುದು. ಕೊಳ್ಳುವಾಗ ಮಾತಿಗಿಂತ ಕೈ ನಂಬಿ. ಡಿಎಸ್ ಲೈಟ್ ಆದರೆ ಮಡಚುವ ಬಲಗಡೆಯ ಕೀಲು ಸೀಳಿದೆಯೇ ನೋಡಿ, ಅದರ ಹುಟ್ಟು ರೋಗ ಅದು. ಆಮೇಲೆ ಅದರಲ್ಲೇ ಇರುವ, ಪರದೆ ಮೇಲೆ ಗೀಚುವ ಪಿಕ್ಟೋಚಾಟ್ ತೆರೆದು ಕಡ್ಡಿಯಿಂದ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆ ಹರಿದರೆ ಅಥವಾ ಪಕ್ಕಕ್ಕೆ ಹಾರಿದರೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಟಚ್ ಸರಿ ಮಾಡಿ. ಆಗಲೂ ಹಾರಿದರೆ ಟಚ್ ಪದರ ಹೋಗಿದೆ. ಮೇಲಿನ ಎಡ, ಬಲ ಬಟನ್‌ಗಳನ್ನು ಇಪ್ಪತ್ತು ಇಪ್ಪತ್ತು ಸಲ ಒತ್ತಿ ಎಣಿಸಿ. ಹದಿನೆಂಟು ಸಲ ಮಾತ್ರ ಕೆಲಸ ಮಾಡಿದರೆ ಬೆಲೆ ಇಳಿಸಿ ಕೇಳಬಹುದು.

ಪಿಎಸ್‌ಪಿಯಲ್ಲಿ ಮೊದಲು ಬ್ಯಾಟರಿ ಮುಚ್ಚಳ ತೆಗೆಯಿರಿ. ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ತಿರುಗಿಸಿದಾಗ ಬುಗುರಿಯಂತೆ ಸುತ್ತಿದರೆ ಹೊಟ್ಟೆ ಉಬ್ಬಿದೆ ಎಂದರ್ಥ. ಅದನ್ನು ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಪಿಎಸ್‌ಪಿ ಬಿಟ್ಟು ಹೋದರೆ ಈ ಉಬ್ಬರ ಬೇಗ ಬರುತ್ತದೆ.

ಕ್ಯಾಸೆಟ್ಟಿನ ವಿಚಾರದಲ್ಲಿ ನಕಲಿಯೇ ದೊಡ್ಡ ತಲೆನೋವು, ಅದರಲ್ಲೂ ಅಡ್ವಾನ್ಸ್‌ನ ಪೋಕೆಮಾನ್. ಅಸಲಿಯ ಲೇಬಲ್ ಮೇಲೆ ಓರೆ ಬೆಳಕಿನಲ್ಲಿ ನೋಡಿದರೆ ಕಾಗದದಲ್ಲಿ ಅದುಮಿದ ಎರಡಂಕಿ ಗುರುತು ಕಾಣುತ್ತದೆ. ಕೆಳಗಿನ ಚಿನ್ನದ ಹಲ್ಲುಗಳ ಮೇಲೆ, ಸರ್ಕ್ಯೂಟ್ ಹಲಗೆಯ ಅಂಚಿನಲ್ಲಿ ಕಂಪನಿಯ ಹೆಸರು ಅಚ್ಚಾಗಿರುತ್ತದೆ. ನಕಲಿಯಲ್ಲಿ ಗೇಮ್ ಚೆನ್ನಾಗಿಯೇ ಓಡುತ್ತದೆ, ಮೂವತ್ತು ಗಂಟೆ ಆಡಿದ ಮೇಲೆ ಸೇವ್ ಮಾಯವಾಗಬಹುದು.

ಕ್ಯಾಸೆಟ್ ಹಾಕಿದಾಗ ಪರದೆ ಬಿಳಿ ಬಂದರೆ ಬಾಯಿಂದ ಊದುವ ಅಭ್ಯಾಸ ಎಲ್ಲರಿಗೂ ಇದೆ. ಅದನ್ನು ಬಿಡಿ, ಎಂಜಲಿನ ತೇವಕ್ಕೆ ಹಲ್ಲುಗಳು ಕಿಲುಬು ಹಿಡಿಯುತ್ತವೆ. 90 ಶೇಕಡಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹತ್ತಿ ಸುತ್ತಿದ ಇಯರ್ ಬಡ್ಡಿಗೆ ಹಾಕಿ, ಹಲ್ಲುಗಳ ಉದ್ದಕ್ಕೆ ಮೇಲಿಂದ ಕೆಳಗೆ ಒರೆಸಿ, ಬಡ್ಡು ಕಪ್ಪಾಗುವುದು ನಿಲ್ಲುವ ತನಕ. ಐದು ನಿಮಿಷ ಆರಲು ಬಿಟ್ಟು ಹಾಕಿ. ಉಪ್ಪು ಕಾಗದ ಮುಟ್ಟಿಸಬೇಡಿ, ಚಿನ್ನದ ಲೇಪ ಹೋದ ಮೇಲೆ ಕಿಲುಬಿಗೆ ತಡೆಯೇ ಇರುವುದಿಲ್ಲ.

ಹಳೇ ಗೇಮ್ ಬಾಯ್ ಸಿಕ್ಕಿ, ಸೆಲ್ಲಿನ ಮನೆಯಲ್ಲಿ ಬೂಷ್ಟಿನಂಥದ್ದು ಕಟ್ಟಿದ್ದರೆ ಯಾವ ಸೆಲ್ಲು ಸೋರಿದೆ ಎಂದು ಮೊದಲು ತಿಳಿಯಿರಿ. ಅಲ್ಕಲೈನ್ ಸೋರಿದ್ದರೆ ಅದು ಕ್ಷಾರ, ವಿನೆಗರ್ ಅದ್ದಿದ ಬಡ್ಡಿನಲ್ಲಿ ಒರೆಸಬೇಕು. ಅಂಗಡಿಯ ಮಾಮೂಲಿ ಅಗ್ಗದ ಜಿಂಕ್ ಸೆಲ್ಲು ಸೋರಿದ್ದರೆ ಅದು ಆಮ್ಲದ ಗುಣದ್ದು, ಅಡುಗೆ ಸೋಡಾ ನೀರು ಬೇಕು. ಆಮೇಲೆ ಎರಡಕ್ಕೂ ಆಲ್ಕೋಹಾಲ್ ಒರಸು.

ಮಷಿನ್ ಸಿಗದಿದ್ದರೆ

ಫೋನಿನಲ್ಲಿ ಎಮ್ಯುಲೇಟರ್, ಅಂದರೆ ಹಳೆಯ ಮಷಿನ್ನಿನಂತೆ ನಟಿಸುವ ಆ್ಯಪ್ ಹಾಕಿಯೂ ಆಡಬಹುದು, ನಿಮ್ಮದೇ ಕ್ಯಾಸೆಟ್ಟಿನಿಂದ ತೆಗೆದ ಪ್ರತಿ ಇದ್ದರೆ. ತೀರ್ಪು ಕೆಡುವುದೂ ಇಲ್ಲೇ ಹೆಚ್ಚು, ಹಾಗಾಗಿ ನಾಲ್ಕು ಸೆಟ್ಟಿಂಗ್ ಮೊದಲೇ ಸರಿ ಮಾಡಿಕೊಳ್ಳಿ.

ಪರದೆಯ ಅಳತೆಯನ್ನು ಪೂರ್ಣ ಸಂಖ್ಯೆಯಲ್ಲಿ ಮಾತ್ರ ಹಿಗ್ಗಿಸಿ. ಗೇಮ್ ಬಾಯ್ ಪರದೆ 160×144 ಚುಕ್ಕಿ, 1080 ಅಗಲದ ಫೋನಿನಲ್ಲಿ ಆರು ಪಟ್ಟು ಮಾಡಿದರೆ 960×864. ಅಡ್ವಾನ್ಸ್ 240×160, ನಾಲ್ಕು ಪಟ್ಟಿಗೆ 960×640. ಪಿಎಸ್‌ಪಿ 480×272, ಎರಡು ಪಟ್ಟಿಗೆ 960×544. ಪರದೆ ತುಂಬಲಿ ಎಂದು ಎಳೆದರೆ ಮಾರಿಯೋ ದಪ್ಪಗಾಗುತ್ತಾನೆ, ಓಡುವಾಗ ಚುಕ್ಕಿಗಳು ಮಿಣುಗುತ್ತವೆ, ತಪ್ಪು ಗೇಮಿನದು ಅನ್ನಿಸುತ್ತದೆ.

ಫಾಸ್ಟ್ ಫಾರ್ವರ್ಡ್, ರಿವೈಂಡ್, ಎಲ್ಲಿ ಬೇಕಾದಲ್ಲಿ ಸೇವ್ ಈ ಮೂರನ್ನೂ ಬಂದ್ ಮಾಡಿ. ಇವು ಗೇಮಿನ ದೋಷವನ್ನು ಮುಚ್ಚುತ್ತವೆ. ಗಾಜಿನ ಮೇಲಿನ ಬಟನ್ ನಂಬಬೇಡಿ, ಬೆರಳಿಗೆ ಅಂಚು ಸಿಗದೆ ಓರೆ ಒತ್ತು ಬೀಳುತ್ತದೆ. ಚಿಕ್ಕ ಕಂಟ್ರೋಲರ್ ಸಿಕ್ಕಿಸಿ. ಕೊನೆಯದಾಗಿ, ತಾಳದ ಗೇಮ್‌ಗಳಿಗೆ ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಸದ್ದು ಒಂದು ಚಿಟಿಕೆ ತಡವಾಗಿ ಬರುತ್ತದೆ, ನೀವು ಸರಿಯಾಗಿ ಒತ್ತಿದರೂ ಗೇಮ್ ತಪ್ಪು ಅನ್ನುತ್ತದೆ. ವೈರಿನದೇ ಇರಲಿ.

ಎರಡನೇ ಹೆಜ್ಜೆ: ಆರು ಪರೀಕ್ಷೆ

ನೋಟ್‌ಬುಕ್ಕಿನ ಒಂದು ಹಾಳೆಗೆ ಆರು ಗೆರೆ ಎಳೆಯಿರಿ. ಪ್ರತಿ ಪರೀಕ್ಷೆಗೆ 0, 1 ಅಥವಾ 2 ಅಂಕ, ಒಟ್ಟು 12. ಒಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಪಟ್ಟಿಗೆ.

ಶುರು: ಸ್ವಿಚ್ ಹಾಕಿದ ಗಳಿಗೆಯಿಂದ ನಿಜವಾಗಿ ಆಡುವ ತನಕ ಫೋನಿನ ಸ್ಟಾಪ್‌ವಾಚ್ ಹಿಡಿಯಿರಿ. ಅರ್ಧ ನಿಮಿಷದೊಳಗೆ ಆದರೆ 2, ಒಂದು ನಿಮಿಷಕ್ಕೆ 1, ಮೇಲೆ ಹೋದರೆ ಸೊನ್ನೆ. ಯುಎಂಡಿ ಡಿಸ್ಕ್ ಸುತ್ತುವ ಪಿಎಸ್‌ಪಿ ಗೇಮ್‌ಗಳು ಇಲ್ಲೇ ಮುಗ್ಗರಿಸುವುದು.

ತಡೆ: ಆಟದ ನಡುವೆ, ನಿಮಗೆ ಬೇಕಾದಾಗಲ್ಲ, ಕಂಡಕ್ಟರ್ ಬಂದಾಗ ನಿಲ್ಲಿಸಿ ಮಷಿನ್ ಪೂರ್ತಿ ಆಫ್ ಮಾಡಿ. ಮತ್ತೆ ಹಾಕಿದಾಗ ಎಷ್ಟು ಕಳೆದುಕೊಂಡಿರಿ? ಏನೂ ಇಲ್ಲದಿದ್ದರೆ 2, ಐದು ನಿಮಿಷದ ಆಟವಾದರೆ 1.

ಸದ್ದಿಲ್ಲದೆ: ವಾಲ್ಯೂಮ್ ಸೊನ್ನೆ ಮಾಡಿ ಹತ್ತು ನಿಮಿಷ.

ಬಿಸಿಲು: ಮಧ್ಯಾಹ್ನದ ಹೊತ್ತು ಕಿಟಕಿ ಪಕ್ಕ. ಬೆಳಕಿಲ್ಲದ ಹಳೆಯ ಗೇಮ್ ಬಾಯ್ ಪರದೆ ಬಿಸಿಲಲ್ಲೇ ಚೆಂದ ಕಾಣುವುದು, ಮಬ್ಬಿನಲ್ಲಿ ಸೋಲುವುದು. ಮೊದಲ ಪಿಎಸ್‌ಪಿಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಗೇಮ್ ಮಾಡಿದವರ ಜವಾಬ್ದಾರಿಯೂ ಇಲ್ಲಿದೆ. 2001ರಲ್ಲಿ ಅಡ್ವಾನ್ಸ್ ಜೊತೆಗೇ ಬಂದ ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದ ಮೂನ್ ಒಳ್ಳೆಯ ಗೇಮ್, ಬೆಳಕಿಲ್ಲದ ಆ ಪರದೆಯಲ್ಲಿ ಮಾತ್ರ ಕತ್ತಲ ಮೇಲೆ ಕತ್ತಲು. 2003ರ ಆರಿಯಾ ಆಫ್ ಸಾರೋ ಹೊತ್ತಿಗೆ ಅದೇ ಕಂಪನಿ ಬಣ್ಣ ತಿಳಿಗೊಳಿಸಿತ್ತು.

ಇನ್ನೊಬ್ಬರು: ಪಕ್ಕದಲ್ಲಿ ಕೂತವರ ಕೈಗೆ ಕೊಟ್ಟರೆ ಎರಡು ನಿಮಿಷದಲ್ಲಿ ತಿಳಿಯುತ್ತದೆಯೇ? ಇಬ್ಬರು ಸೇರಿ ಆಡಬಹುದೇ?

ಬಿಡುವು: ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ತೆಗೆದಾಗ ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಗೇಮೇ ನೆನಪಿಸಬೇಕು.

ಅಂಕ ಹಾಕುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಚಿಕ್ಕಂದಿನಲ್ಲಿ ಆಡಿದ ಗೇಮಿಗೆ ಕೈ ತಾನಾಗಿಯೇ 2 ಬರೆಯುತ್ತದೆ. ಅದಕ್ಕೆ ಮದ್ದು, ಆ ಗೇಮನ್ನು ಹೆಸರೇ ಕೇಳಿರದ ಒಬ್ಬರ ಕೈಗೆ ಕೊಟ್ಟು ಐದನೇ ಪರೀಕ್ಷೆಯ ಅಂಕವನ್ನು ಅವರಿಂದಲೇ ಹಾಕಿಸುವುದು. ಮನೆಯಲ್ಲಿ ಚಿಕ್ಕಪ್ಪ, ಅತ್ತಿಗೆ, ಎಂಟನೇ ಕ್ಲಾಸಿನ ಹುಡುಗಿ ಯಾರಾದರೂ ಆದೀತು. ಮಂಡಕ್ಕಿ ಮಿರ್ಚಿ ತಿಂದ ಕೈ ತೊಳೆಸಿ ಕೊಡಿ. ಬಟನ್ ಕೆಳಗಿನ ರಬ್ಬರಿಗೆ ಎಣ್ಣೆ ಇಳಿದರೆ ಒತ್ತು ಹತ್ತುವುದಿಲ್ಲ.

ಮೂರನೇ ಹೆಜ್ಜೆ: ಟೆಟ್ರಿಸ್ ಇಟ್ಟು ತಕ್ಕಡಿ ಸರಿ ಮಾಡಿಕೊಳ್ಳಿ

ಬೇರೆ ಗೇಮ್ ತೂಗುವ ಮೊದಲು ತೂಕದ ಬಟ್ಟಾಗಿ ಟೆಟ್ರಿಸ್ ಇಡಿ. ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಮಾಡಿದ್ದು, 1989ರಲ್ಲಿ ಅಮೆರಿಕದಲ್ಲಿ ಗೇಮ್ ಬಾಯ್ ಡಬ್ಬಿಯೊಳಗೇ ಬಂತು. ಆ ಡಬ್ಬಿಗೆ ಮಾರಿಯೋ ಬೇಡ, ಟೆಟ್ರಿಸ್ ಹಾಕಿ ಎಂದು ನಿಂಟೆಂಡೊವನ್ನು ಒಪ್ಪಿಸಿದವರು ಹೆಂಕ್ ರೋಜರ್ಸ್. ನಮ್ಮ ಕಡೆ ಅದು ಬಂದದ್ದು ಬೇರೆ ವೇಷದಲ್ಲಿ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ಜಾತ್ರೆಯ ಆಟಿಕೆ ಸಾಲಿನಲ್ಲಿ ಸಿಗುತ್ತಿದ್ದ, 9999 ಆಟ ಎಂದು ಬರೆದ ಬ್ರಿಕ್ ಗೇಮ್. 10 ಮನೆ ಅಗಲ, 20 ಮನೆ ಎತ್ತರದ ಪರದೆ, ಎರಡು ಪೆನ್ಸಿಲ್ ಸೆಲ್ಲು. (ಅದರಲ್ಲಿ ಒಂದೆರಡು ಸಾಲು ಮಾಯವಾಗಿದ್ದರೆ ಎಸೆಯಬೇಡಿ. ಪರದೆಗೂ ಹಲಗೆಗೂ ನಡುವೆ ಪಟ್ಟೆ ಪಟ್ಟೆಯ ರಬ್ಬರ್ ಇರುತ್ತದೆ. ಹಿಂದಿನ ಸ್ಕ್ರೂ ಬಿಚ್ಚಿ, ಆ ರಬ್ಬರಿನ ಎರಡೂ ಅಂಚು ಆಲ್ಕೋಹಾಲಿನಲ್ಲಿ ಒರೆಸಿ, ನೆಟ್ಟಗೆ ಕೂರಿಸಿ ಸ್ಕ್ರೂ ಬಿಗಿ ಮಾಡಿದರೆ ಹೆಚ್ಚಿನವು ಬದುಕುತ್ತವೆ.)

ಗೇಮ್ ಬಾಯ್ ಟೆಟ್ರಿಸಿನ ಅಂಗಳ 10 ಅಗಲ, 18 ಎತ್ತರ. ಇಟ್ಟಿಗೆ ಎಲ್ಲಿ ಬೀಳುತ್ತದೆ ಎಂದು ತೋರಿಸುವ ನೆರಳಿಲ್ಲ, ಆಮೇಲೆ ಬಳಸೋಣ ಎಂದು ಪಕ್ಕಕ್ಕಿಡುವ ಸೌಲಭ್ಯವಿಲ್ಲ. ಇಂದಿನ ಟೆಟ್ರಿಸ್ ಆಡಿದವರಿಗೆ ಕೈ ಕಟ್ಟಿಹಾಕಿದಂತೆ ಆಗುತ್ತದೆ. ಜೀವಾಳ ಇರುವುದು ಅಂಕದ ಲೆಕ್ಕದಲ್ಲಿ. ಒಂದು ಸಾಲು ಅಳಿಸಿದರೆ 40, ಎರಡಕ್ಕೆ 100, ಮೂರಕ್ಕೆ 300, ನಾಲ್ಕು ಸಾಲನ್ನು ಒಟ್ಟಿಗೆ ಅಳಿಸಿದರೆ 1200. ಇದನ್ನು ಲೆವೆಲ್ಲಿಗೆ ಒಂದು ಕೂಡಿಸಿ ಗುಣಿಸುತ್ತದೆ. 9ನೇ ಲೆವೆಲ್ಲಿನಲ್ಲಿ ನಾಲ್ಕು ಸಾಲನ್ನು ಒಂದೊಂದಾಗಿ ಅಳಿಸಿದವನಿಗೆ 1,600, ಒಟ್ಟಿಗೆ ಅಳಿಸಿದವನಿಗೆ 12,000. ಅದಕ್ಕೇ ಬಲ್ಲವರು ಬಲಗಡೆಯದೋ ಎಡಗಡೆಯದೋ ಮೇಲಿಂದ ಕೆಳಗಿನ ಒಂದು ಸಾಲನ್ನು ಬಾವಿಯಂತೆ ಖಾಲಿ ಬಿಟ್ಟು, ಉದ್ದನೆಯ ಕೋಲಿಗಾಗಿ ಕಾಯುತ್ತಾರೆ. ಕೋಲು ಬರುವುದಿಲ್ಲ. ಗೋಡೆ ಏರುತ್ತದೆ. ಇನ್ನೆರಡು ಇಟ್ಟಿಗೆ ಕಾಯೋಣವೋ, ಬಾವಿ ಮುಚ್ಚಿ ಜೀವ ಉಳಿಸಿಕೊಳ್ಳೋಣವೋ? ಹದಿನೆಂಟು ಮನೆಯ ಗಿಡ್ಡ ಅಂಗಳ ಆ ನಿರ್ಧಾರವನ್ನು ಬೇಗ ಮಾಡಿಸುತ್ತದೆ. ಇಡೀ ಗೇಮು ಈ ದುರಾಸೆಯ ಮೇಲೆ ನಿಂತಿದೆ, ಅದನ್ನು ತಿಳಿಸಲು ಒಂದಕ್ಷರ ಓದಿಸುವುದಿಲ್ಲ.

ಪರೀಕ್ಷೆಗೆ: ಎ-ಟೈಪ್ (ಸೋಲುವ ತನಕ ಓಡುವ ಆಟ), 5ನೇ ಲೆವೆಲ್, ಸಂಗೀತ ಬಂದ್. ದಾವಣಗೆರೆ ಬಸ್ ಸ್ಟ್ಯಾಂಡ್ ಬಿಟ್ಟಾಗ ಶುರು ಮಾಡಿ, ಆನಗೋಡಿನ ತನಕ ಎಷ್ಟು ಆಟ ಮುಗಿದವು ಬರೆದುಕೊಳ್ಳಿ. ಅಂಕ ಕಳೆಯುವ ಜಾಗ ಒಂದೇ. ಕ್ಯಾಸೆಟ್ಟಿನಲ್ಲಿ ಬ್ಯಾಟರಿ ಇಲ್ಲದ್ದರಿಂದ ಆಫ್ ಮಾಡಿದೊಡನೆ ದಾಖಲೆ ಅಳಿಯುತ್ತದೆ. 12ಕ್ಕೆ 11.

ಇನ್ನು ಹಾವಿನ ಗೇಮು. 1997ರ ನೋಕಿಯಾ 6110ಕ್ಕೆ ಟಾನೆಲಿ ಅರ್ಮಾಂಟೊ ಬರೆದದ್ದು, ಆಮೇಲಿನ ಫೋನ್‌ಗಳಲ್ಲಿ ನಮ್ಮೂರ ಪ್ರತಿ ಅಂಗಡಿ ಗಲ್ಲಾದ ಮೇಲೂ ಇತ್ತು. ಫೋನ್ ಹ್ಯಾಂಡ್‌ಹೆಲ್ಡ್ ಹೌದೋ ಅಲ್ಲವೋ ಎಂದು ಕಿತ್ತಾಡುವವರಿದ್ದಾರೆ. 2, 4, 6, 8 ಗುಂಡಿಯಲ್ಲಿ ಒಂದೇ ಹೆಬ್ಬೆರಳಿನಿಂದ, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ಆಡಿದ ಗೇಮಿಗೆ ಈ ಪಟ್ಟಿಯಲ್ಲಿ ಜಾಗ ಇಲ್ಲ ಎನ್ನುವುದು ನ್ಯಾಯವಲ್ಲ. ಒಳಗೆ ಬರಲಿ.

ನಾಲ್ಕನೇ ಹೆಜ್ಜೆ: ದೊಡ್ಡ ಹೆಸರುಗಳನ್ನು ತೂಗುವುದು

ಪೋಕೆಮಾನ್ ಇಲ್ಲಿ ಟಿವಿಯ ಕಾರ್ಟೂನ್ ಎಂದೇ ಪರಿಚಯ. ಮೂಲ ಗೇಮು 1996ರ ಫೆಬ್ರುವರಿಯಲ್ಲಿ ಜಪಾನಿನಲ್ಲಿ ಕೆಂಪು, ಹಸಿರು ಎಂಬ ಎರಡು ಕ್ಯಾಸೆಟ್ಟಾಗಿ ಬಂತು. ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿದ್ದ ಸತೋಶಿ ತಾಜಿರಿಯ ಕಲ್ಪನೆ. ಯಾವ ಒಂದು ಕ್ಯಾಸೆಟ್ಟಿನಲ್ಲೂ ಎಲ್ಲ ಪ್ರಾಣಿಗಳು ಸಿಗುವುದಿಲ್ಲ, ಇನ್ನೊಬ್ಬರ ಜೊತೆ ಕೇಬಲ್ ಹಾಕಿ ಬದಲಾಯಿಸಿಕೊಳ್ಳಲೇಬೇಕು. ಕಡಾಬ್ರಾ, ಮಚೋಕ್, ಗ್ರಾವೆಲರ್, ಹಾಂಟರ್ ಈ ನಾಲ್ಕು ಕೈ ಬದಲಾದರೆ ಮಾತ್ರ ಮುಂದಿನ ರೂಪ ತಾಳುತ್ತವೆ. ಐದನೇ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿಲ್ಲ.

ಕೇಬಲ್ ಕೊಳ್ಳುವಾಗ ಎಡವುವವರು ಬಹಳ. ಮೊದಲ ಗೇಮ್ ಬಾಯ್ ಪಿನ್ ದೊಡ್ಡದು, ಕಲರ್‌ನದು ಚಿಕ್ಕದು. ಅಡ್ವಾನ್ಸ್ ಎಸ್‌ಪಿಯಲ್ಲಿ ಹಳೆಯ ಪೋಕೆಮಾನ್ ಆಡುವಾಗ ಅಡ್ವಾನ್ಸ್ ಕೇಬಲ್ ಹಾಕಿದರೆ ಗೇಮ್ ಗುರುತಿಸುವುದಿಲ್ಲ, ಕಲರ್‌ನ ಕೇಬಲ್ಲೇ ಬೇಕು.

ಮೊದಲ ಪೋಕೆಮಾನಿನ ದೋಷಗಳನ್ನು ಭಕ್ತರು ಮುಚ್ಚಿಡುತ್ತಾರೆ. ಹಿಡಿದ ಪ್ರಾಣಿಗಳ ಪೆಟ್ಟಿಗೆಗೆ 20ರ ಮಿತಿ, ತುಂಬಿದ್ದನ್ನು ಸಮಯಕ್ಕೆ ಹೇಳುವುದಿಲ್ಲ, ಅಪರೂಪದ್ದು ಎದುರು ಬಂದಾಗ ಚೆಂಡು ಎಸೆಯಲು ಬಿಡುವುದಿಲ್ಲ. ಫೋಕಸ್ ಎನರ್ಜಿ ಎಂಬ ಪಟ್ಟು ಹೊಡೆತವನ್ನು ಚುರುಕು ಮಾಡಬೇಕಿತ್ತು, ಲೆಕ್ಕ ತಿರುಗುಮುರುಗಾಗಿ ಮೊಂಡು ಮಾಡುತ್ತದೆ. ಹಾಗಾಗಿ ಪಟ್ಟಿಗೆ ಸೇರಬೇಕಾದ್ದು 1999ರ ಗೋಲ್ಡ್ ಮತ್ತು ಸಿಲ್ವರ್. 251 ಪ್ರಾಣಿ, ಹಗಲು ರಾತ್ರಿ ತೋರಿಸುವ ಗಡಿಯಾರ, ಕಥೆ ಮುಗಿಯಿತು ಅನ್ನುವಾಗ ಹಳೆಯ ಗೇಮಿನ ನಾಡೂ ತೆರೆದುಕೊಂಡು ಒಟ್ಟು 16 ಬ್ಯಾಡ್ಜ್.

ಅದೇ ಗಡಿಯಾರ ಇಂದು ಶಾಪ. ಸೇವ್ ಮತ್ತು ಗಡಿಯಾರ ಎರಡನ್ನೂ ಒಂದೇ ಗುಂಡು ಬ್ಯಾಟರಿ ಹಿಡಿದಿರುತ್ತದೆ, ಹಾಗಾಗಿ ಗೋಲ್ಡ್, ಸಿಲ್ವರ್ ಸೇವ್‌ಗಳು ಮೊದಲ ಪೋಕೆಮಾನ್ ಕ್ಯಾಸೆಟ್ಟಿನವುಗಳಿಗಿಂತ ಮೊದಲೇ ಸಾಯುತ್ತವೆ. ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಹಾಕಿದಾಗ ಹೊಸ ಆಟ ಮಾತ್ರ ತೋರಿಸಿದರೆ ಬ್ಯಾಟರಿ ಹೋಗಿದೆ. ಬದಲಿಸಲು ಬೇಕಾದ್ದು: 3.8 ಮಿಲಿಮೀಟರಿನ ಗೇಮ್‌ಬಿಟ್ ಸ್ಕ್ರೂಡ್ರೈವರ್, ಲೋಹದ ಕಾಲು ಬೆಸೆದಿರುವ ಸಿಆರ್2025 ಬ್ಯಾಟರಿ, ಸಣ್ಣ ಮೂತಿಯ ಸೋಲ್ಡರಿಂಗ್ ಐರನ್. ಹಳೆಯದರ ಪ್ಲಸ್, ಮೈನಸ್ ಯಾವ ಕಡೆ ಇತ್ತು ಎಂದು ಫೋಟೋ ತೆಗೆದುಕೊಂಡೇ ಬಿಚ್ಚಿ. ಬರೀ ಬ್ಯಾಟರಿಗೆ ಟೇಪ್ ಸುತ್ತಿ ಕೂರಿಸಿದರೆ ಬಸ್ಸಿನ ಕುಲುಕಿಗೆ ಒಂದು ಕ್ಷಣ ಬಿಟ್ಟರೂ ಸೇವ್ ಹೋಯಿತು. ಬ್ಯಾಟರಿಗೆ ನೇರ ಐರನ್ ಇಟ್ಟು ಬೆಸೆಯುವುದೂ ಬೇಡ, ಕಾದು ಸಿಡಿಯಬಹುದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹೇಳಿ ಮಾಡಿಸಿದರೆ ಹತ್ತು ನಿಮಿಷದ ಕೆಲಸ. ಅಡ್ವಾನ್ಸ್‌ನ ರೂಬಿ, ಸಫೈರ್, ಎಮರಾಲ್ಡ್‌ನಲ್ಲಿ ಬ್ಯಾಟರಿ ಮುಗಿಯಿತು ಎಂಬ ಸಂದೇಶ ಬಂದರೆ ಗಾಬರಿ ಬೇಡ, ಅಲ್ಲಿ ಅದು ಗಡಿಯಾರಕ್ಕೆ ಮಾತ್ರ, ಸೇವ್ ಉಳಿಯುತ್ತದೆ.

ಮುಂದಿನದು ಸರದಿಯ ಪ್ರಕಾರ ಸೈನ್ಯ ನಡೆಸುವ ಅಡ್ವಾನ್ಸ್ ವಾರ್ಸ್, 2001ರ ಸೆಪ್ಟೆಂಬರ್. ಪೋಕೆಮಾನಿನಷ್ಟು ಇಲ್ಲಿ ಪರಿಚಿತವಲ್ಲ, ಆದರೆ ದುರ್ಗದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬೊಬ್ಬರೇ ನುಸುಳಬೇಕಾದ ಜಾಗದಲ್ಲಿ ನಿಂತವಳ ಕೈಯಲ್ಲಿ ಒನಕೆ ಇದ್ದರೆ ಸಾಕು. ಈ ಗೇಮಿನ ಹಲವು ನಕಾಶೆಗಳಲ್ಲಿ ಅಂಥದೊಂದು ಕಿಂಡಿ ಇರುತ್ತದೆ, ಗುಡ್ಡಗಳ ನಡುವಿನ ದಾರಿಯೋ ಸೇತುವೆಯೋ. ಗುಡ್ಡಕ್ಕೆ ನಾಲ್ಕು ನಕ್ಷತ್ರದ ರಕ್ಷಣೆ, ಊರಿಗೆ ಮೂರು, ಕಾಡಿಗೆ ಎರಡು, ಬಯಲಿಗೆ ಒಂದು, ರಸ್ತೆಗೆ ಸೊನ್ನೆ. ಅಗ್ಗದ ಕಾಲಾಳಿಗೆ ಬೆಲೆ 1000, ಹಿಡಿದಿಟ್ಟ ಒಂದೊಂದು ಊರು ದಿನಕ್ಕೆ 1000 ಕೊಡುತ್ತದೆ. ಊರು ಹಿಡಿಯಲು 20 ಅಂಕ ಇಳಿಸಬೇಕು, ಪೂರ್ತಿ ಹತ್ತು ಬಲದ ಕಾಲಾಳು ಎರಡು ಸರದಿಯಲ್ಲಿ ಹಿಡಿಯುತ್ತಾನೆ, ಐದಕ್ಕೆ ಇಳಿದವನಿಗೆ ನಾಲ್ಕು ಸರದಿ ಬೇಕು. ಹೊಸಬರು ಸೋಲುವುದು ಇಲ್ಲೇ. ದುಡ್ಡು ಕೂಡಿಟ್ಟು ದೊಡ್ಡ ಟ್ಯಾಂಕ್ ಕೊಳ್ಳುತ್ತಾರೆ, ಅಷ್ಟರಲ್ಲಿ ಎದುರಾಳಿ ಕಾಲಾಳು ಕಳಿಸಿ ಐದು ಊರು ಹಿಡಿದಿರುತ್ತಾನೆ. ಮೊದಲ ಮೂರು ದಿನ ಕಾಲಾಳು ಮಾತ್ರ ಕೊಳ್ಳಿ.

ಯುದ್ಧದ ನಡುವೆ ಯಾವಾಗ ಬೇಕಾದರೂ ಸೇವ್ ಮಾಡಬಹುದು. ಒಂದೇ ಮಷಿನ್ನನ್ನು ಕೈಯಿಂದ ಕೈಗೆ ದಾಟಿಸುತ್ತ ಎದುರಾಳಿಗಳಾಗಿ ಆಡಬಹುದು, ಚೌಕಾಬಾರದ ಮನೆ ಹಾಕಿ ಕೂತಂತೆ. ಹನ್ನೆರಡಕ್ಕೆ ಹನ್ನೊಂದು. ಬಿಟ್ಟುಹೋದ ಒಂದಂಕ ಬಿಡುವಿನ ಪರೀಕ್ಷೆಯದು. ತಿಂಗಳಾದ ಮೇಲೆ ಅರ್ಧ ಯುದ್ಧಕ್ಕೆ ಮರಳಿದರೆ ಯೋಜನೆ ಏನಿತ್ತು ಎಂಬುದೇ ಮರೆತಿರುತ್ತದೆ.

ಜೆಲ್ಡಾ ಎಂಬ ಸಾಹಸದ ಸರಣಿಯ ಲಿಂಕ್ಸ್ ಅವೇಕನಿಂಗ್ 1993ರದ್ದು, ಬಣ್ಣದ ಡಿಎಕ್ಸ್ ರೂಪ 1998. ಒಂದು ದ್ವೀಪ, ಹದಿನಾರು ಹದಿನಾರು ಮನೆಯ ನಕಾಶೆ, ಒಂದು ಪರದೆಗೆ ಒಂದು ಮನೆ. ಎಲ್ಲಿ ಬಿಟ್ಟೆ ಎನ್ನುವುದು ಮರೆಯುವುದಿಲ್ಲ. ಎರಡೇ ಬಟನ್ ಇರುವ ಕಾರಣ ಕತ್ತಿ, ಗುರಾಣಿ, ಕೈಪಟ್ಟಿ ಬದಲಾಯಿಸಲು ಪದೇ ಪದೇ ಮೆನು ತೆರೆಯಬೇಕು, ಅದು ಕಿರಿಕಿರಿ. ಅಂಗಡಿಯಲ್ಲಿ ಕದ್ದು ಓಡಿದರೆ ಅಲ್ಲಿಂದ ಮುಂದೆ ಎಲ್ಲರೂ ನಿಮ್ಮನ್ನು ಕಳ್ಳ ಎಂದೇ ಕರೆಯುತ್ತಾರೆ, ನೀವಿಟ್ಟುಕೊಂಡ ಹೆಸರು ಹೋಯಿತು. ಸೇವ್ ಮಾಡಲು ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕೂ ಒಟ್ಟಿಗೆ ಒತ್ತಬೇಕು. ಪಟ್ಟಿಯಲ್ಲಿ ಗಟ್ಟಿ ಜಾಗ.

ಡಿಎಸ್‌ನಿಂದ ರೇಸಿನ ಗೇಮು ಮಾರಿಯೋ ಕಾರ್ಟ್ ಡಿಎಸ್, 2005. ಒಂದೇ ಕ್ಯಾಸೆಟ್ಟಿನಿಂದ ಎಂಟು ಮಷಿನ್ ಸೇರಿ ಓಡಬಹುದು, ಒಟ್ಟು 32 ರಸ್ತೆ. ಇಂಟರ್ನೆಟ್ ಸೇವೆ 2014ರಲ್ಲೇ ನಿಂತಿದೆ, ಎದುರುಬದುರು ಕೂತವರಿಗೆ ಅದರಿಂದ ನಷ್ಟವಿಲ್ಲ. ಅಡ್ವಾನ್ಸ್‌ನ ವಾರಿಯೋವೇರ್, 2003, ಐದು ಸೆಕೆಂಡಿನ ಚಿಲ್ಲರೆ ಆಟಗಳು 200ಕ್ಕೂ ಹೆಚ್ಚು. ದೋಸೆ ಬರುವುದರೊಳಗೆ ಮೂವತ್ತು ಆಗಿರುತ್ತವೆ. ಎರಡೂ ಒಳಗೆ.

ಪಿಎಸ್‌ಪಿ ಬಂದಾಗ ತಕ್ಕಡಿ ಅಲುಗಾಡುತ್ತದೆ. 2004ರ ಕೊನೆಗೆ ಬಂದ ಲುಮಿನೆಸ್‌ನಲ್ಲಿ ಎರಡು ಬಣ್ಣದ ಚೌಕಗಳನ್ನು 16 ಮನೆ ಅಗಲ, 10 ಮನೆ ಎತ್ತರದ ಅಂಗಳಕ್ಕೆ ಬೀಳಿಸಬೇಕು. ಸಂಗೀತದ ಲಯಕ್ಕೆ ಸರಿಯುವ ಗೆರೆಯೊಂದು ಬಂದು ಅಳಿಸುತ್ತದೆ. ಸದ್ದು ತೆಗೆದರೆ ಜೀವವೇ ಹೋಯಿತು. 2007ರ ಪಟಾಪಾನ್ ಕೂಡ ಹಾಗೆಯೇ, ಚೌಕ ಚೌಕ ಚೌಕ ವೃತ್ತ ಎಂದು ನಾಲ್ಕು ತಾಳಕ್ಕೆ ಒತ್ತಿದರೆ ಸೈನ್ಯ ಮುಂದೆ ಹೋಗುತ್ತದೆ, ವೃತ್ತ ವೃತ್ತ ಚೌಕ ವೃತ್ತ ಎಂದರೆ ದಾಳಿ. ಮೂರನೇ ಪರೀಕ್ಷೆಯಲ್ಲಿ ಇಬ್ಬರಿಗೂ ಸೊನ್ನೆ. ಆದರೂ ಇಯರ್‌ಫೋನ್ ಹಾಕಿ ಕೂತವರನ್ನು ಬಸ್ಸಿನಿಂದ ಬೇರೆ ಲೋಕಕ್ಕೆ ಎತ್ತಿಕೊಂಡು ಹೋಗುವ ಶಕ್ತಿ ಉಳಿದ ಐದರಲ್ಲಿ ಇವನ್ನು ಎತ್ತಿ ಹಿಡಿಯುತ್ತದೆ. ಲುಮಿನೆಸ್ 9, ಒಳಗೆ. ಪಟಾಪಾನ್ 8. ಬಿಡಲು ಮನಸ್ಸಾಗುವುದಿಲ್ಲ, ಆದರೆ ಅಂಕ ಅಂಕವೇ.

ಮಾನ್‌ಸ್ಟರ್ ಹಂಟರ್ ಫ್ರೀಡಂ ಯುನೈಟ್, 2008. ನಾಲ್ವರು ಮಷಿನ್ ಹಿಡಿದು ಸುತ್ತ ಕೂತರೆ ಇದಕ್ಕೆ ಸಾಟಿ ಇಲ್ಲ. ಒಬ್ಬರೇ ಬಸ್ಸಿನಲ್ಲಿ ಆಡಿದರೆ ಒಂದು ಬೇಟೆಗೆ 50 ನಿಮಿಷದ ತನಕ ಗಡುವು, ನಡುವೆ ಸೇವ್ ಇಲ್ಲ, ಪಿಎಸ್‌ಪಿಯ ಸ್ವಿಚ್ಚನ್ನು ಮೇಲೆ ತಳ್ಳಿ ಮಲಗಿಸುವುದೊಂದೇ ದಾರಿ. ಕ್ಯಾಮೆರಾ ತಿರುಗಿಸಲು ಎಡಗೈ ತೋರುಬೆರಳನ್ನು ಏಡಿಯ ಕೊಂಡಿಯಂತೆ ಬಗ್ಗಿಸಿ ಪ್ಲಸ್ ಆಕಾರದ ದಿಕ್ಕಿನ ಬಟನ್ ಒತ್ತಬೇಕು, ಹೆಬ್ಬೆರಳು ಅನಲಾಗ್ ಗುಂಡಿಯ ಮೇಲೆ. ಅರ್ಧ ಗಂಟೆಗೆ ಬೆರಳ ಗೆಣ್ಣು ಹಿಡಿದುಕೊಳ್ಳುತ್ತದೆ. ಪಟ್ಟಿಯಲ್ಲಿ ಇಡಿ, ಜೊತೆಗೆ ಮೂವರು ಬೇಕು ಎಂದು ಪಕ್ಕದಲ್ಲಿ ಬರೆದು.

ಗಾಡ್ ಆಫ್ ವಾರ್: ಚೇನ್ಸ್ ಆಫ್ ಒಲಿಂಪಸ್ ನೋಡಿ ಬೆರಗಾಗುವುದು ಸಹಜ. ಅದರ ಬೆರಗೆಲ್ಲ ಟಿವಿ ಗೇಮು ಇಷ್ಟು ಚಿಕ್ಕದರಲ್ಲಿ ಹೇಗೆ ಹಿಡಿಸಿತು ಎಂಬುದರಲ್ಲಿದೆ. ಹೊರಗೆ. ಇದೇ ನ್ಯಾಯಕ್ಕೆ ಟಿವಿಗೂ ಕೈಗೂ ಎರಡಕ್ಕೂ ಸಲ್ಲುವ ನಿಂಟೆಂಡೊ ಸ್ವಿಚ್ ಮಷಿನ್ನಿನ ಗೇಮ್‌ಗಳನ್ನು ಬೇರೆ ಹಾಳೆಯಲ್ಲಿ ತೂಗಿ.

ಐದನೇ ಹೆಜ್ಜೆ: ಹಾಳೆ ತುಂಬುವುದು

ಒಂದು ಗೇಮಿಗೆ ಕನಿಷ್ಠ ಹೋಗಿ ಬರುವ ಎರಡು ಪ್ರಯಾಣ ಕೊಡಿ, ಒಂದು ಬೆಳಗಿನದು, ಒಂದು ಮಧ್ಯಾಹ್ನದ ಬಿಸಿಲಿನದು. ಒಂದೇ ದಿನ ಎರಡು ಗೇಮ್ ತೂಗಬೇಡಿ. ಮೊದಲನೆಯದರ ಬಟನ್ ಅಭ್ಯಾಸ ಎರಡನೆಯದಕ್ಕೆ ಅಂಟುತ್ತದೆ, ಎರಡನೆಯದು ಸುಮ್ಮನೆ ಅಂಕ ಕಳೆದುಕೊಳ್ಳುತ್ತದೆ. ಸೆಲ್ಲು ಹೊಸದಿರಲಿ, ಇಲ್ಲದಿದ್ದರೆ ಕೊನೆಯ ಕಾಲು ಗಂಟೆ ಪರದೆ ಮಂಕಾಗಿ ಬಿಸಿಲಿನ ಪರೀಕ್ಷೆ ಸುಳ್ಳಾಗುತ್ತದೆ. ಚಾರ್ಜ್ ಆಗುವ ನಿಕಲ್ ಸೆಲ್ಲು 1.2 ವೋಲ್ಟಿನದು, ಗೇಮ್ ಬಾಯ್‌ನ ಬ್ಯಾಟರಿ ದೀಪ ಬೇಗ ಮಂಕಾದರೂ ಓಡುತ್ತದೆ.

ಬಿಡುವಿನ ಅಂಕ ಬಿಟ್ಟು ಉಳಿದ ಐದನ್ನು ಬಸ್ಸು ಇಳಿಯುವ ಮೊದಲೇ ಪೆನ್ನಿನಲ್ಲಿ ಬರೆಯಿರಿ. ಆರನೆಯ ಮನೆ ಖಾಲಿ ಇರಲಿ, ಪಕ್ಕದಲ್ಲಿ ದಿನಾಂಕ ಹಾಕಿ, ಕ್ಯಾಸೆಟ್ಟನ್ನು ಹಾಳೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಮುಂದಿನ ತಿಂಗಳು ಅದೇ ದಿನಾಂಕಕ್ಕೆ ತೆಗೆದು, ಸೇವ್ ಇನ್ನೂ ಇದೆಯೇ ಎಂದು ಮೊದಲು ನೋಡಿಕೊಂಡು, ಹತ್ತು ನಿಮಿಷ ಆಡಿ ಆ ಮನೆ ತುಂಬಿ.